ನೆಲ ಕೇಳಿದಿರಿ, ಜನರನ್ನು ಕೇಳಿದಿರಾ?

2022ರ ಕೊನೆಯಲ್ಲಿ ಮಹಾರಾಷ್ಟ್ರದ ಗಡಿ ತಾಲ್ಲೂಕು ಅಕ್ಕಲಕೋಟದ ಹೆಸರು ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳ ಟಿವಿಗಳಲ್ಲಿ ಹಗಲೂ ರಾತ್ರಿ ಮೊಳಗಿತು. ಸೋಲಾಪುರ, ಅಕ್ಕಲಕೋಟದ ಕನ್ನಡ ಸೀಮೆ ನಮಗೆ ಸೇರಬೇಕು ಎಂದರು ಆಗಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ. ಒಂದು ಹಳ್ಳಿಯನ್ನೂ ಬಿಡೆವು ಎಂದರು ಮಹಾರಾಷ್ಟ್ರದ ನಾಯಕರು. ಬಸ್ಸುಗಳಿಗೆ ಮಸಿ ಬಿತ್ತು, ಕಲ್ಲು ಬಿತ್ತು. ರಸ್ತೆ ಇಲ್ಲ, ನೀರಿಲ್ಲ, ನಾವು ಕರ್ನಾಟಕಕ್ಕೇ ಹೋಗುತ್ತೇವೆ ಎಂದು ಅಕ್ಕಲಕೋಟ ತಾಲ್ಲೂಕಿನ ಕೆಲವು ಗ್ರಾಮ ಪಂಚಾಯತಿಗಳು ಠರಾವು ಮಾಡಿದವು. ಗಡಿ ಕುರಿತ 1967ರ ಮಹಾಜನ ವರದಿಯ ಧೂಳು ಮತ್ತೊಮ್ಮೆ ಕೊಡವಲಾಯಿತು. 247 ಹಳ್ಳಿ ಕರ್ನಾಟಕಕ್ಕೆ, 264 ಹಳ್ಳಿ ಮಹಾರಾಷ್ಟ್ರಕ್ಕೆ.

ಆ ಹಳ್ಳಿಗಳಲ್ಲಿ ಹಗಲಲ್ಲೂ ಒಳಗಿನಿಂದ ಅಗಳಿ ಹಾಕಿಕೊಂಡ ಮನೆಗಳಿವೆ. ಒಳಗೆ ಮೀಸೆ ಬಂದ ಮಗ ಗೋಡೆಗೆ ಮುಖಮಾಡಿ ಕೂತು ತೂಗುತ್ತಿದ್ದಾನೆ. 30 ದಾಟಿದ ಮಗಳು ಒಂದೇ ಮಾತನ್ನು ಬೆಳಗಿನಿಂದ ಬೈಗಿನತನಕ ಹೇಳುತ್ತಿದ್ದಾಳೆ. ಅವರ ತಾಯಿ ಎರಡು ಹೊತ್ತಿನ ರೊಟ್ಟಿಯನ್ನು ಒಂದೇ ಸಲ ಬಡಿದಿಟ್ಟಿದ್ದಾಳೆ, ನಡುವೆ ಏನು ಆದೀತೋ ಗೊತ್ತಿಲ್ಲವೆಂದು. ನಕಾಶೆ ಹರವಿಕೊಂಡು ಕೂತವರಲ್ಲಿ ಒಬ್ಬನಾದರೂ ಈ ಅಗಳಿಯನ್ನು ತಟ್ಟಿದ್ದಾನೆಯೇ? ಎರಡೂ ರಾಜ್ಯದವರನ್ನು ನಾನು ಇದೊಂದೇ ಪ್ರಶ್ನೆ ಕೇಳುತ್ತಿದ್ದೇನೆ.

ಅಗಳಿಯ ಹಿಂದೆ ಕೂತ ಆ ಮಕ್ಕಳಿಗಿರುವುದು ಆಟಿಸಂ. ಅದು ರೋಗವಲ್ಲ, ಶಾಪವಲ್ಲ, ತಾಯಿ ಮಾಡಿದ ತಪ್ಪಂತೂ ಅಲ್ಲವೇ ಅಲ್ಲ. ಮಿದುಳು ಮೊದಲಿನಿಂದಲೇ ಬೇರೆ ರೀತಿಯಲ್ಲಿ ಬೆಳೆದಿರುತ್ತದೆ. ಮಾತು, ಒಡನಾಟ, ಸದ್ದು, ಬೆಳಕು, ಮೈಮೇಲಿನ ಬಟ್ಟೆ, ಎಲ್ಲವೂ ಅವರಿಗೆ ತಾಕುವ ಬಗೆ ಬೇರೆ. ಕೆಲವರು ಕಾಲೇಜು ಮುಗಿಸಿ ನೌಕರಿ ಮಾಡುತ್ತಾರೆ. ಕೆಲವರಿಗೆ ಉಣ್ಣಲು, ಮೈ ತೊಳೆಯಲು ಬದುಕಿಡೀ ಆಸರೆ ಬೇಕು. ಇಂಗ್ಲೆಂಡಿನಲ್ಲಿ 2007ರಲ್ಲಿ ಮನೆಮನೆಗೆ ಹೋಗಿ ದೊಡ್ಡವರನ್ನೇ ಪರೀಕ್ಷಿಸಿದಾಗ ಸುಮಾರು 100ಕ್ಕೆ ಒಬ್ಬರಲ್ಲಿ ಆಟಿಸಂ ಕಂಡಿತು. ನಮ್ಮಲ್ಲಿ 2011ರ ಜನಗಣತಿ 2.68 ಕೋಟಿ ಅಂಗವಿಕಲರನ್ನು ಎಣಿಸಿತು, ಆದರೆ ಆ ಫಾರ್ಮಿನಲ್ಲಿ ಆಟಿಸಂಗೆ ಪ್ರತ್ಯೇಕ ಕಲಮೇ ಇರಲಿಲ್ಲ. 1995ರ ಅಂಗವಿಕಲರ ಕಾಯ್ದೆಯ 7 ವಿಧಗಳಲ್ಲೂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಹೆಸರು ಹೇಳಿತು ನಿಜ, ಆದರೆ ಆಟಿಸಂ ಅಂಗವಿಕಲರ ಮುಖ್ಯ ಪಟ್ಟಿ ಸೇರಿದ್ದು 21 ವಿಧಗಳನ್ನು ಹೇಳಿದ 2016ರ ಕಾಯ್ದೆಯಲ್ಲಿ, ಅದು ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. 1990ರ ಸುಮಾರಿಗೆ ಅಕ್ಕಲಕೋಟದಲ್ಲಿ ಹುಟ್ಟಿದವನಿಗೆ ಅಷ್ಟೊತ್ತಿಗೆ 27 ವರ್ಷ. ಅವನ ಬಾಲ್ಯವೆಲ್ಲ ಬುದ್ಧಿಮಾಂದ್ಯ ಎಂಬ ಕಾಗದದಲ್ಲೋ, ಯಾವ ಕಾಗದವೂ ಇಲ್ಲದೆಯೋ ಕಳೆದುಹೋಯಿತು. ಊರು ಅವನನ್ನು ಮಳ್ಳ ಎಂದಿತು, ಹುಚ್ಚ ಎಂದಿತು, ಮರಾಠಿಯಲ್ಲಿ ಯಡಾ ಎಂದಿತು.

ಈಗ ಹುಟ್ಟಿದವರ ಗತಿಯಾದರೂ ಏನು? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಬಂತು. ಅದರ ತಪಾಸಣೆ ಹುಟ್ಟಿದಂದಿನಿಂದ 18 ವರ್ಷದವರೆಗೆ. ಕಾಯ್ದೆ ಕೊಡುವ ಉಚಿತ ಶಿಕ್ಷಣ 6ರಿಂದ 18ರವರೆಗೆ. ಥೆರಪಿ, ವಿಶೇಷ ಶಾಲೆ, ಶಿಬಿರ, ಏಪ್ರಿಲ್ 2ರ ಆಟಿಸಂ ದಿನದ ನೀಲಿ ಬಲೂನು, ಎಲ್ಲ ಮಕ್ಕಳಿಗೆ. ಮಗ 18 ದಾಟಿದನೋ, ಶಾಲೆ ಕೈಮುಗಿಯುತ್ತದೆ. ಅಲ್ಲಿಂದ ಮುಂದಿನ 40, 50 ವರ್ಷದ ಬಾಳು ಯಾವ ಇಲಾಖೆಗೂ ಸೇರಿದ್ದಲ್ಲ. ಶಾಲೆಗೆ ಹೋಗುವಾಗ ಕಲಿತ ಗುಂಡಿ ಹಾಕುವುದು, ಎಣಿಸುವುದು, ಬಸ್ಸಿನಲ್ಲಿ ಕೂರುವುದು, ಮನೆಯಲ್ಲಿ ಕೂತೇ ಒಂದೊಂದಾಗಿ ಮರೆತುಹೋಗುತ್ತದೆ. ಇದನ್ನು ಪ್ರಕೃತಿಯ ಕೆಲಸವೆಂದು ನನಗೆ ಯಾರೂ ಹೇಳಬೇಡಿ. ಸರ್ಕಾರ ಗೆರೆ ಎಳೆದು ಮಾಡಿದ ಕೆಲಸವಿದು.

ಈ ಗೆರೆ ಜೀವ ತೆಗೆಯುತ್ತದೆ. ಸ್ವೀಡನ್ನಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ತೀರಿಕೊಂಡವರ ಸರಾಸರಿ ವಯಸ್ಸು ಆಟಿಸಂ ಇರುವವರಲ್ಲಿ ಸುಮಾರು 54, ಇಲ್ಲದವರಲ್ಲಿ 70. ಆಟಿಸಂ ಜೊತೆ ಬುದ್ಧಿಶಕ್ತಿಯ ಕೊರತೆಯೂ ಇದ್ದವರು ಸರಾಸರಿ 40 ತುಂಬುವ ಮೊದಲೇ ಹೋಗಿದ್ದರು, ಅವರಲ್ಲಿ ಮೂರ್ಛೆರೋಗ ದೊಡ್ಡ ಕಾರಣ. ಆ ಕೊರತೆ ಇಲ್ಲದವರಲ್ಲಿ ಆತ್ಮಹತ್ಯೆ ದೊಡ್ಡ ಕಾರಣ. ಆಸ್ಪತ್ರೆಯ ಖರ್ಚನ್ನು ಬಹುಪಾಲು ಸರ್ಕಾರವೇ ಹೊರುವ ಸ್ವೀಡನ್ನಿನಲ್ಲೇ ಹೀಗೆ. ಗುಳಿಗೆಗೆ ಸಾಲ ಮಾಡುವ ಹಳ್ಳಿಯಲ್ಲಿ ಹೇಗಿದ್ದೀತು?

ನೋವು ಹೇಳಲು ಬಾಯಿಲ್ಲದವನಿಗೆ ಹಲ್ಲುನೋವು ಬರುತ್ತದೆ. ಅವನು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಾನೆ. ಕರೆದೊಯ್ದರೆ ವೈದ್ಯರು ಬಾಯಿ ತೆರೆಸಿ ನೋಡುವುದಿಲ್ಲ, ‘ಇವರು ಹೀಗೇ’ ಎಂದು ನಿದ್ದೆಗುಳಿಗೆ ಬರೆಯುತ್ತಾರೆ. ಮಲಬದ್ಧತೆಯಿಂದ ಹೊಟ್ಟೆ ಕಲ್ಲಾಗಿ ಕಚ್ಚಲು ಬಂದರೆ ಗುಳಿಗೆಯ ಡೋಸು ಏರುತ್ತದೆ. ಆ ಗುಳಿಗೆಗಳಲ್ಲಿ ಹಲವು ಮೈ ಬೆಳೆಸುತ್ತವೆ, ಸಕ್ಕರೆ ಕಾಯಿಲೆಗೆ ದಾರಿ ಮಾಡುತ್ತವೆ. ಮೊದಲೇ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಟ್ಟು ಬೇರೇನನ್ನೂ ಮುಟ್ಟದವನು ಅವನು. ಹರೆಯದಲ್ಲಿ ಶುರುವಾದ ಮೂರ್ಛೆಯನ್ನು ಗಾಳಿ ಸೋಂಕೆಂದು ಅಂಗಾರ ಹಚ್ಚಿ ವರ್ಷಗಟ್ಟಲೆ ತಳ್ಳುತ್ತಾರೆ. ದೊಡ್ಡವರ ಆಟಿಸಂ ಬಲ್ಲ ವೈದ್ಯರನ್ನು ಹುಡುಕಿ ಪುಣೆಗೆ 250 ಕಿಲೋಮೀಟರಿಗೂ ಹೆಚ್ಚು ಹೋಗಬೇಕು, ಇಲ್ಲವೇ ರಾತ್ರಿಯಿಡೀ ರೈಲಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ಗೆ. ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುವ ಎದೆಯೆತ್ತರದ ಮಗನನ್ನು ಜನರಲ್ ಬೋಗಿಯಲ್ಲಿ ಒಬ್ಬಳೇ ಕರೆದೊಯ್ದು ನೋಡಿ, ಆಮೇಲೆ ನನ್ನೊಡನೆ ಆರೋಗ್ಯ ಸೇವೆಯ ಮಾತಾಡಿ.

ಗದ್ದಲದ ಮಾತು ಬಂತು. ಸೋಲಾಪುರ ಮಗ್ಗದ ಊರು. ಚಾದರು, ಟವೆಲ್ಲು ನೇಯುವ ಪವರ್‌ಲೂಮ್‌ಗಳ ಸದ್ದು ಗೋಡೆಯಾಚೆಯೇ ಬಡಿಯುತ್ತದೆ, ಆ ಸದ್ದಿನಲ್ಲೇ ಅನ್ನ ಹುಟ್ಟುತ್ತದೆ, ಅದನ್ನು ನಾನು ದೂರುವುದಿಲ್ಲ. ಆದರೆ ಜಯಂತಿ, ಉತ್ಸವ, ಮದುವೆಗೆಂದು ಮೆರವಣಿಗೆ ಹೊರಡಿಸಿ ಎದೆ ನಡುಗಿಸುವ ಡಿಜೆ ಕಟ್ಟುತ್ತೀರಲ್ಲ, ಅದು ಯಾರ ಅನ್ನ? 2000ದ ಶಬ್ದಮಾಲಿನ್ಯ ನಿಯಮ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಮಿತಿ ಹಾಕಿದೆ. ನಿಮ್ಮ ಡಿಜೆ ಬಾಗಿಲ ಮುಂದೆ ನಿಂತ ಹೊತ್ತಿನಲ್ಲಿ ಒಳಗೊಬ್ಬ ಹುಡುಗ ತನ್ನ ಕಿವಿಯನ್ನು ತಾನೇ ಹರಿದುಕೊಳ್ಳುತ್ತಿರುತ್ತಾನೆ. ಅವನ ತಾಯಿ ಹೊರಬಂದು ಕೈಮುಗಿದರೆ ದೇವರ ಕೆಲಸಕ್ಕೆ ಅಡ್ಡ ಬಂದಳೆಂದು ಬೈಗುಳ.

ಆ ತಾಯಿಯನ್ನೇ ಎಷ್ಟೋ ಕಾಲದಿಂದ ಕಟಕಟೆಗೆ ಹತ್ತಿಸಿದ್ದೇವೆ. ಅಮೆರಿಕದಲ್ಲೂ ಬ್ರೂನೊ ಬೆಟಲ್‌ಹೈಮ್ ಎಂಬಾತ 1967ರಲ್ಲಿ ಪುಸ್ತಕ ಬರೆದು, ತಾಯಿಯ ಪ್ರೀತಿ ತಣ್ಣಗಾದದ್ದಕ್ಕೇ ಮಗು ಹೀಗಾಯಿತೆಂದು ಸಾರಿದ. ವಿಜ್ಞಾನ ಆ ಸುಳ್ಳನ್ನು ಹೂತು ದಶಕಗಳೇ ಆದವು. ನಮ್ಮ ಓಣಿಗಳಲ್ಲಿ ಅದು ಇನ್ನೂ ಹೂತಿಲ್ಲ. ಬಸುರಿದ್ದಾಗ ಗ್ರಹಣ ನೋಡಿದಳು, ಹರಕೆ ತೀರಿಸಲಿಲ್ಲ, ಹಟ ಮಾಡಿ ಕೂಲಿಗೆ ಹೋದಳು. ಗಂಡ ದೂರವಾಗುತ್ತಾನೆ, ತವರು ಬಾಗಿಲು ಕಿರಿದಾಗುತ್ತದೆ. ಹೊರಗಿನ ದುಡಿಮೆ ತಪ್ಪಿ, ಆಕೆ ಮಗನ ಪಕ್ಕದಲ್ಲಿ ಕೂತೇ ಬೀಡಿ ಕಟ್ಟುತ್ತಾಳೆ. ಸಾವಿರಕ್ಕಿಷ್ಟು ಎಂದು ಲೆಕ್ಕ, ಮಗ ಬೀಡಿಯ ಮೊರ ಚೆಲ್ಲಿದ ದಿನ ಲೆಕ್ಕ ತುಂಬುವುದಿಲ್ಲ. ನಾಲ್ಕೈದು ದಿನಕ್ಕೊಮ್ಮೆ ನಲ್ಲಿ ಬರುವ ಊರಿನಲ್ಲಿ ಅವನ ಒದ್ದೆ ಹಾಸಿಗೆಯನ್ನು ದಿನವೂ ಒಗೆಯುವವಳು ಆಕೆ. ಆಕೆಯ ಬೆನ್ನು, ಆಕೆಯ ಬಿಪಿ, ಆಕೆಯ ನಿದ್ದೆ ಯಾವ ಕಾರ್ಡಿನಲ್ಲೂ ಬರೆದಿಲ್ಲ. “ನಾ ಸತ್ತ ಮ್ಯಾಲ ಇಂವನ್ನ ಯಾರ ನೋಡ್ತಾರ್ರೀ?” ಇದಕ್ಕೆ ಉತ್ತರ ಸಿಗದೆ, ಮಗ ನನಗಿಂತ ಒಂದು ದಿನ ಮೊದಲು ಹೋಗಲಪ್ಪಾ ಎಂದು ದೇವರ ಮುಂದೆ ಬೇಡುವ ತಾಯಂದಿರಿದ್ದಾರೆ. ಹೆತ್ತವಳ ಬಾಯಲ್ಲಿ ಇಂಥ ಬೇಡಿಕೆ ಹುಟ್ಟಿಸಿದ ಸಮಾಜ ನಮ್ಮದು.

ಇನ್ನೊಂದು ಪಾಪ ಗಡಿಯದ್ದೇ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ದಖ್ಖನಿ, ಕಚೇರಿಯಲ್ಲಿ ಮರಾಠಿ. ಮಗು ಮಾತು ತಡಮಾಡಿದರೆ ತಿಳಿದವರು ಕೊಡುವ ಮೊದಲ ಸಲಹೆ ಮನೆಯಲ್ಲಿ ಕನ್ನಡ ಬಿಡಿ ಎನ್ನುವುದು. ಎರಡು ಭಾಷೆಗಳಿಂದ ಆಟಿಸಂ ಇರುವ ಮಗುವಿಗೆ ಕೇಡಾಗುವುದಿಲ್ಲವೆಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಆದರೂ ಆಯಿ, ಅಜ್ಜಿ ಮಗುವಿನೊಡನೆ ಮಾತೇ ನಿಲ್ಲಿಸುತ್ತಾರೆ, ಅವರಿಗೆ ಬರುವುದು ಕನ್ನಡವೊಂದೇ. ಇದ್ದ ಒಂದು ದಾರಿಯನ್ನೂ ಮುಚ್ಚಿ 20 ವರ್ಷ ಕಳೆದ ಮೇಲೆ ಇವನು ಯಾರೊಡನೆಯೂ ಬೆರೆಯುವುದಿಲ್ಲ ಎಂದು ಷರಾ ಬರೆಯುತ್ತಾರೆ. ಆಟಿಸಂ ಅಳೆಯುವ ಭಾರತೀಯ ಮಾಪನದಲ್ಲಿ 40 ಪ್ರಶ್ನೆಗಳಿವೆ. ಮಗನ ಬಾಳೆಲ್ಲ ಬಲ್ಲ ತಾಯಿ ತನಗೆ ಅರ್ಧ ತಿಳಿಯುವ ಭಾಷೆಯಲ್ಲಿ ಅವಕ್ಕೆ ಉತ್ತರ ಹೇಳುತ್ತಾಳೆ. ಆ ಅರ್ಧ ಉತ್ತರದ ಮೇಲೆ ವೈಕಲ್ಯದ ಶೇಕಡಾ ನಿಲ್ಲುತ್ತದೆ, ಶೇಕಡಾದ ಮೇಲೆ ಪಿಂಚಣಿ.

“ಲಗ್ನಾ ಮಾಡ್ರಿ, ಎಲ್ಲಾ ಸುದ್ದ ಆಗ್ತದ.” ಇದನ್ನು ಹೇಳುವ ಹಿರಿಯರ ಬಾಯಿ ಮೊದಲು ಮುಚ್ಚಿಸಬೇಕು. ಮದುವೆ ಔಷಧಿಯಲ್ಲ. ಆಟಿಸಂ ಇರುವವರು ಒಪ್ಪಿ, ಅರಿತು ಮದುವೆಯಾಗುವುದು ಅವರ ಹಕ್ಕು. ಮುಚ್ಚಿಟ್ಟು ಮಾಡುವ ಮದುವೆಯಾದರೋ ಬಡವರ ಮನೆಯ ಹುಡುಗಿಯೊಬ್ಬಳನ್ನು ಸಂಬಳವಿಲ್ಲದ ಆಯಾ ಮಾಡುವ ಮೋಸ. ಹೆಣ್ಣುಮಕ್ಕಳ ಪಾಡು ಇನ್ನೂ ಕೆಟ್ಟದ್ದು. 1994ರಲ್ಲಿ ಇದೇ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ವಸತಿಗೃಹದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ತೆಗೆದುಹಾಕಿದರು. ಮುಟ್ಟಿನ ಬಟ್ಟೆ ಬದಲಿಸುವ ತೊಂದರೆ ತಪ್ಪಲೆಂದು! ಮಹಿಳಾ ಸಂಘಟನೆಗಳು ಬೀದಿಗಿಳಿದವು. ಒಪ್ಪಿಗೆಯಿಲ್ಲದೆ ಬಂಜೆತನ ತರುವ ಚಿಕಿತ್ಸೆಯನ್ನು 2016ರ ಕಾಯ್ದೆ ನಿಷೇಧಿಸಿದೆ. ಸರಪಳಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಸರಪಳಿ ಬಿಗಿದಿದ್ದ 28 ಜನ ಕದಲಲಾಗದೆ ಸುಟ್ಟುಹೋದ ಮೇಲೂ ಹೊಲದ ಮನೆಯ ಕಂಬಕ್ಕೆ ಹಗ್ಗ ಬಿಗಿಯುವವರು ಇದ್ದಾರೆ. ಕಟ್ಟುವವರು ಕಟುಕರಲ್ಲ, ತೊಗರಿ ರಾಶಿಗೆ ಹೋಗಲೇಬೇಕಾದ ತಂದೆತಾಯಿ. ಅವರನ್ನು ಹಗ್ಗ ಹಿಡಿಯುವಂತೆ ಮಾಡಿದವರ ಮೇಲೆ ನನ್ನ ಸಿಟ್ಟು.

ಹಣದ ಮಾತು. ಶೇಕಡಾ 80 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇದ್ದ ಬಡವರಿಗೆ ಕೇಂದ್ರ ಸರ್ಕಾರದ ಪಿಂಚಣಿ ತಿಂಗಳಿಗೆ 300 ರೂಪಾಯಿ. 2012ರಿಂದ ಅದೇ 300. ಮಹಾರಾಷ್ಟ್ರದ ಸಂಜಯ ಗಾಂಧಿ ನಿರಾಧಾರ ಯೋಜನೆ 2023ರಲ್ಲಿ 1500ಕ್ಕೆ ಏರಿತು, ಅಂಗವಿಕಲರಿಗೆ 2500 ಕೊಡುವ ತೀರ್ಮಾನ 2025ರಲ್ಲಿ ಆಯಿತು. ಒಳ್ಳೆಯದೇ. ಆದರೆ ಹಗಲಿರುಳು ಕಾಯುವವಳಿಗೆ? ಹೆಚ್ಚು ಆಸರೆ ಬೇಕಾದವರಿಗೆ ಆರೈಕೆ ಭತ್ಯೆ ಕೊಡಬೇಕೆಂದು 2016ರ ಕಾಯ್ದೆಯ 24ನೇ ಕಲಮಿನಲ್ಲೇ ಇದೆ. ಕೇರಳ ‘ಆಶ್ವಾಸಕಿರಣಂ’ ಯೋಜನೆಯಲ್ಲಿ ಅಂಥವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿದೆ. ಮೊತ್ತ ಕಡಿಮೆ, ಆದರೆ ಆಕೆ ಮಾಡುವುದು ದುಡಿಮೆಯೆಂದು ಒಂದು ಸರ್ಕಾರ ಒಪ್ಪಿಕೊಂಡಿದೆ. ಸರ್ಕಾರಿ ನೌಕರಿಯ 4 ಶೇಕಡಾ ಮೀಸಲಿನಲ್ಲಿ 1 ಶೇಕಡಾವನ್ನು ಆಟಿಸಂ, ಬುದ್ಧಿಶಕ್ತಿಯ ಕೊರತೆ, ಕಲಿಕೆಯ ತೊಡಕು, ಮಾನಸಿಕ ಕಾಯಿಲೆ, ಬಹುವೈಕಲ್ಯ ಇವರೆಲ್ಲ ಹಂಚಿಕೊಳ್ಳಬೇಕು.

ಜಗತ್ತಿನಲ್ಲಿ ಆಟಿಸಂ ಎಂದು ಮೊದಲು ಗುರುತಿಸಿದ ಮಗುವಿನ ಹೆಸರು ಡೊನಾಲ್ಡ್ ಟ್ರಿಪ್ಲೆಟ್. ಲಿಯೊ ಕ್ಯಾನರ್ 1943ರಲ್ಲಿ ಬರೆದ 11 ಮಕ್ಕಳಲ್ಲಿ ಅವನೇ ಮೊದಲಿಗ. ಮಿಸಿಸಿಪಿಯ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ಬ್ಯಾಂಕಿನ ನೌಕರಿ ಮಾಡಿ, ಗಾಲ್ಫ್ ಆಡಿ, ದೇಶದೇಶ ತಿರುಗಿ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡ. ಊರು ಅವನನ್ನು ನಮ್ಮವನು ಎಂದಿತ್ತು. ಬ್ಯಾಂಕು ಅವನ ಮನೆತನದ್ದೇ ಆಗಿತ್ತು ಎಂಬುದನ್ನೂ ಹೇಳಬೇಕು. ಹಣ, ಚರ್ಮದ ಬಣ್ಣ, ಊರಿನ ಮಮತೆ ಮೂರೂ ಕೂಡಿ ಅವನಿಗೆ 89 ವರ್ಷ ಕೊಟ್ಟವು. ಬೀಡಿ ಕಟ್ಟುವವಳ ಮಗನಿಗೆ ಮೊದಲ ಎರಡು ಸಿಗಲಾರವು. ಮೂರನೆಯದನ್ನು ಕೊಡಲು ನಿಮಗೆ ಏನು ಖರ್ಚು?

ಅಕ್ಕಲಕೋಟದಲ್ಲಿ ಸ್ವಾಮಿ ಸಮರ್ಥರ ಸನ್ನಿಧಿಯ ಅನ್ನಛತ್ರದ ಪಂಕ್ತಿಯಲ್ಲಿ ಕೂತವನಿಗೆ ಜಾತಿ ಯಾವುದು, ಸರ್ಟಿಫಿಕೇಟ್ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಸೋಲಾಪುರದ ನಟ್ಟನಡುವಿನ ಕೆರೆ ಸಿದ್ಧರಾಮ ಜನರ ಕೈಗೂಡಿಸಿ ಕಟ್ಟಿಸಿದ್ದು. ಅಂಥ ನೆಲದಲ್ಲಿ ಇಂಜಿನಿಯರಿಂಗ್ ಕಾಲೇಜು ಕಟ್ಟಿದ ಮಠಗಳು, ಟ್ರಸ್ಟುಗಳು ಆಟಿಸಂ ಇರುವ ದೊಡ್ಡವರು ಹಗಲು ಕಳೆಯಲು, ಕೆಲಸ ಕಲಿಯಲು ಒಂದು ಮನೆ ಕಟ್ಟಲಾರವೇ? ಗಡಿನಾಡಿನ ಹೆಸರಲ್ಲಿ ಬೆಂಗಳೂರಿನಿಂದ ಬಂದು ಶಾಲು ಹೊದೆಯುವ ಕನ್ನಡ ಸಂಘಟನೆಗಳೇ, ಆ 40 ಪ್ರಶ್ನೆಗಳನ್ನು ಈ ಸೀಮೆಯ ಕನ್ನಡದಲ್ಲಿ ಕೇಳಬಲ್ಲ ಒಬ್ಬ ಹೆಣ್ಣುಮಗಳಿಗೆ ಸಂಬಳ ಕೊಡಿ. ಕನ್ನಡದ ಸೇವೆ ಎಂದರೆ ಇದೂ ಸೇರಿತು.

ಇನ್ನು ಸೋಲಾಪುರದ ಕಲೆಕ್ಟರ್ ಕಚೇರಿಗೆ. 18 ತುಂಬಿದವರ ಪಾಲಕರನ್ನು ನೇಮಿಸುವ ಸ್ಥಳೀಯ ಸಮಿತಿ 1999ರ ಕಾಯ್ದೆಯ ಪ್ರಕಾರ ನಿಮ್ಮ ಕೈಯಲ್ಲಿದೆ. ಆ ಆದೇಶ ಇಲ್ಲದೆ ಬ್ಯಾಂಕು ತಾಯಿಗೆ ಮಗನ ಪಿಂಚಣಿ ತೆಗೆಯಗೊಡುವುದಿಲ್ಲ, ತಾಯಿ ಸತ್ತರೆ ಅವನ ಪಾಲಿನ ಹೊಲ ದಾಯಾದಿಯ ಕೈಸೇರುತ್ತದೆ. 40 ಕಿಲೋಮೀಟರ್ ದೂರದ ಆಕೆ ಮಗನನ್ನು ಕಟ್ಟಿಕೊಂಡು ನಿಮ್ಮ ಮೆಟ್ಟಿಲೇರುವುದು ಸಾಕು. ಸಮಿತಿ ಅಕ್ಕಲಕೋಟದ ತಹಸೀಲ ಕಚೇರಿಗೆ ಬಂದು ಕೂರಲಿ, ಫಾರ್ಮು ಕನ್ನಡದಲ್ಲೂ ಇರಲಿ. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ 1 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಕೊಡುತ್ತದೆ, ಅದರ ನೋಂದಣಿ ಅದೇ ಮೇಜಿನ ಮೇಲೆ, ಅದೇ ದಿನ ಆಗಲಿ. ಹಲ್ಲಿನ ಡಾಕ್ಟರು, ಮೂರ್ಛೆ ನೋಡುವ ಡಾಕ್ಟರು ಜೊತೆಗೆ ಬರಲಿ. ತಾಯಿಯ ಬಿಪಿಯನ್ನೂ ನೋಡಲಿ. ಅಗಳಿ ಹಾಕಿದ ಮನೆಗಳ ಹೆಸರು ಆಶಾ ಕಾರ್ಯಕರ್ತೆಯರಿಗೆ ಗೊತ್ತಿದೆ, ಈತನಕ ಅವರನ್ನು ಯಾರೂ ಕೇಳಿಲ್ಲ. ಪಟ್ಟಿಯನ್ನು ಅವರಿಂದಲೇ ಬರೆಸಿ, ಬರೆದ ಕೆಲಸಕ್ಕೆ ಕೂಲಿ ಕೊಡಿ.