2,70,000 ಕಿ.ಮೀ. ಓಡಿದ ಕಾರಿಗೆ ತಿಂಗಳಿಗೆ 30 ರಿಯಾಲ್

ಕಳೆದ ವಾರ ಗೆಳೆಯನೊಬ್ಬ ಫೋನ್ ಮಾಡಿದ್ದ. "ಗಾಡಿ ಎರಡೂವರೆ ಲಕ್ಷ ದಾಟಿತು ಮಾರಾಯ. ಎಸಿ ಕಂಪ್ರೆಸರ್‌ಗೆ 90 ರಿಯಾಲ್ ಹೇಳ್ತಿದ್ದಾರೆ. ಈ ಹಳೇದಕ್ಕೆ ದುಡ್ಡು ಸುರಿಯೋದಕ್ಕಿಂತ ಲೋನ್ ಮಾಡಿ ಹೊಸದು ತಗೊಳ್ಳೋದೇ ವಾಸಿ ಅಲ್ವಾ?"

ಅಲ್ ಮಬೇಲಾದಲ್ಲಿ ಮನೆ ಮಾಡಿರುವ ನಮ್ಮವರು ಸೇರಿದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಬಾಡಿಗೆ ಕಡಿಮೆ ಎಂದು ಇಲ್ಲಿಗೆ ಬಂದವರು ನಾವು. ಕೆಲಸ ಮಾತ್ರ ರೂವಿಯಲ್ಲೋ ಅಲ್ ಖುವೈರ್‌ನಲ್ಲೋ. ರೂವಿಗೆ ಹೋಗಿ ಬಂದರೆ ದಿನಕ್ಕೆ 90 ಕಿ.ಮೀ. ಆಗುತ್ತದೆ. ತಿಂಗಳಿಗೆ ಎರಡು ಸಾವಿರ, ವರ್ಷಕ್ಕೆ 24 ಸಾವಿರ. ಹತ್ತು ವರ್ಷ ಹಳೆಯ ಗಾಡಿಯ ಮೀಟರ್ ಎರಡೂವರೆ ಲಕ್ಷ ದಾಟಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಳೆಯ ಕಾರು ನಮ್ಮ ಜೇಬಿಗೆ ಭಾರವಾಗುವುದು ಅದರ ರಿಪೇರಿಯಿಂದ ಅಲ್ಲ. ಆ ರಿಪೇರಿಗೆ ಮೊದಲೇ ದುಡ್ಡು ಎತ್ತಿಡದೇ ಇರುವುದರಿಂದ. ಬ್ಯಾಂಕಿಗೆ ಇಎಂಐ ಕಟ್ಟಲು ತಯಾರಿರುವ ನಾವು, ಅದರ ಕಾಲು ಭಾಗವನ್ನು ನಮ್ಮದೇ ಕಾರಿಗೆ ಪ್ರತಿ ತಿಂಗಳು ಕಟ್ಟಲು ತಯಾರಿಲ್ಲ. ತೊಂದರೆ ಇರುವುದು ಅಲ್ಲಿ.

14 ರಿಯಾಲ್ ಉಳಿಸಿ 310 ಕಟ್ಟಿದ ಕತೆ

ನಾನೇನು ಹುಟ್ಟುತ್ತಲೇ ಬುದ್ಧಿವಂತನಲ್ಲ. ಕೆಲವು ವರ್ಷಗಳ ಹಿಂದೆ ಆಯಿಲ್ ಬದಲಿಸಲು ಇಲ್ಲಿನ ಸನಾಯಾಗೆ ಹೋಗಿದ್ದೆ. ಮೆಕ್ಯಾನಿಕ್ ರೇಡಿಯೇಟರ್ ಮೇಲಿನ ಹೋಸನ್ನು ಒತ್ತಿ ತೋರಿಸಿ, "ಸಾರ್, ಇದು ಉಬ್ಬಿದೆ. ಕೂಲಂಟ್ ಸೇರಿ 14 ರಿಯಾಲ್ ಆಗುತ್ತೆ, ಹಾಕಿಬಿಡಲಾ?" ಎಂದಿದ್ದ. ಸುಮ್ಮನೆ ಬಿಲ್ ಏರಿಸುತ್ತಿದ್ದಾನೆ ಎಂದುಕೊಂಡು, ಮುಂದಿನ ಸಲ ನೋಡೋಣ ಎಂದೆ.

ಜೂನ್ ತಿಂಗಳು ಊರಿಂದ ಅಮ್ಮ ಬಂದಿದ್ದರು. ಒಂದು ಶುಕ್ರವಾರ ಎಲ್ಲರೂ ನಿಜ್ವಾ ಕೋಟೆ ನೋಡಲು ಹೊರಟೆವು. ಫಂಜಾ ದಾಟಿದ ಮೇಲೆ ಆ ಹೋಸ್ ಒಡೆಯಿತು. ಮುಂದೆ ಪೆಟ್ರೋಲ್ ಬಂಕ್ ಸಿಗುತ್ತದೆ ಎಂಬ ಆಸೆಯಲ್ಲಿ ನಾನು ಇನ್ನೂ ಮೂರು ಕಿ.ಮೀ. ಓಡಿಸಿದೆ. ಅಷ್ಟರಲ್ಲಿ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಮಧ್ಯಾಹ್ನದ ಬಿಸಿಲು, ನೆರಳಿಲ್ಲದ ರಸ್ತೆ, ಬಿಪಿ ಮಾತ್ರೆ ತೆಗೆದುಕೊಳ್ಳುವ ಅಮ್ಮ, ಇಬ್ಬರು ಮಕ್ಕಳು. ಒಮಾನಿಯೊಬ್ಬರು ತಾವಾಗಿ ಗಾಡಿ ನಿಲ್ಲಿಸಿ, ರಿಕವರಿ ಬರುವವರೆಗೆ ಅಮ್ಮನನ್ನೂ ಮಕ್ಕಳನ್ನೂ ತಮ್ಮ ಎಸಿ ಕಾರಿನಲ್ಲಿ ಕೂರಿಸಿಕೊಂಡರು. ಅವರ ಉಪಕಾರ ಮರೆಯುವಂಥದ್ದಲ್ಲ.

ರಿಪೇರಿ ಮತ್ತು ರಿಕವರಿ ಸೇರಿ 310 ರಿಯಾಲ್ ಆಯಿತು. ಉಳಿಸಿದ್ದರ 22 ಪಟ್ಟು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಂದುಕೊಂಡೆ. ಅಂದಿನಿಂದ ಗಾಡಿಗೆಂದೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಅದೇ ಗಾಡಿ ಈಗ 2,70,000 ಕಿ.ಮೀ. ದಾಟಿ ಓಡುತ್ತಿದೆ.

ಐದು ವರ್ಷದ ಲೆಕ್ಕ

ಗೆಳೆಯನ ಪ್ರಶ್ನೆಗೆ ಭಾವನೆ ಬಿಟ್ಟು ಲೆಕ್ಕ ಹಾಕೋಣ. ಇಲ್ಲಿನ ಅಂಕಿಗಳು ನನ್ನ ಅಂದಾಜು. ನಿಮ್ಮ ಗಾಡಿಗೆ ತಕ್ಕಂತೆ ಬದಲಿಸಿಕೊಳ್ಳಿ.

ಹೊಸ ಕಾರು 7,500 ರಿಯಾಲ್ ಎಂದಿಟ್ಟುಕೊಳ್ಳಿ. 1,500 ಕೈಯಿಂದ, 6,000 ಸಾಲ, ಶೇ 6 ಬಡ್ಡಿ, ಐದು ವರ್ಷ. ಇಎಂಐ 116 ರಿಯಾಲ್, ಒಟ್ಟು ಕಟ್ಟುವುದು 6,960. ಮುಂಗಡ ಸೇರಿದರೆ 8,460. ಐದು ವರ್ಷದ ನಂತರ ಅದು 3,000ಕ್ಕೆ ಮಾರಾಟವಾಗಬಹುದು. ಕೈಬಿಟ್ಟದ್ದು 5,460. ಸರ್ವಿಸ್‌ಗೆ 600, ಸಾಲದ ಗಾಡಿಗೆ ಬ್ಯಾಂಕ್ ಕೇಳುವ ಕಾಂಪ್ರಹೆನ್ಸಿವ್ ವಿಮೆಗೆ ಹೆಚ್ಚುವರಿ 500 ಸೇರಿಸಿ: 6,560. ಈಗಿನ ಹಳೆಯ ಗಾಡಿ ಮಾರಿದರೆ ಬರುವ 900 ಕಳೆಯಿರಿ: 5,660.

"ಹೊಸ ಗಾಡಿ ಪೆಟ್ರೋಲ್ ಉಳಿಸುತ್ತೆ" ಎನ್ನುತ್ತೀರಿ. ಬೆಂಗಳೂರಿನಲ್ಲಿ ಲೀಟರಿಗೆ ನೂರು ರೂಪಾಯಿ ಕೊಡುವವರಿಗೆ ಆ ಮಾತು ಸರಿ. ಇಲ್ಲಿ 2021ರ ಕೊನೆಯಲ್ಲಿ ಸರ್ಕಾರ ದರಕ್ಕೆ ಮಿತಿ ಹಾಕಿದಾಗ ಎಂ 95 ಲೀಟರಿಗೆ 239 ಬೈಸಾ ಇತ್ತು, ಅದನ್ನೇ ಹಿಡಿಯೋಣ. 24 ಸಾವಿರ ಕಿ.ಮೀ.ಗೆ, ಲೀಟರಿಗೆ 12 ಕೊಡುವ ಹಳೆಯ ಗಾಡಿಗೆ ವರ್ಷಕ್ಕೆ 478 ರಿಯಾಲ್, 16 ಕೊಡುವ ಹೊಸ ಗಾಡಿಗೆ 358. ಉಳಿತಾಯ ವರ್ಷಕ್ಕೆ 120 ರಿಯಾಲ್, ಅಂದರೆ ಹೆಚ್ಚುಕಡಿಮೆ ಒಂದು ತಿಂಗಳ ಇಎಂಐ! ಐದು ವರ್ಷಕ್ಕೆ 600 ಕಳೆದರೂ ಹೊಸ ಕಾರಿನ ನಿಜವಾದ ಖರ್ಚು ಸುಮಾರು 5,060.

ಈಗ ಹಳೆಯ ಗಾಡಿ. ನನ್ನ ನೋಟ್‌ಬುಕ್ ಪ್ರಕಾರ ಟೈರ್, ಬ್ಯಾಟರಿ, ಆಯಿಲ್, ಬ್ರೇಕ್, ಸಸ್ಪೆನ್ಶನ್, ಎಸಿ ಎಲ್ಲ ಸೇರಿ ಸರಾಸರಿ ವರ್ಷಕ್ಕೆ 250 ರಿಯಾಲ್. ನಾನು ಎತ್ತಿಡುವುದು ತಿಂಗಳಿಗೆ 30, ಐದು ವರ್ಷಕ್ಕೆ 1,800. ಮಾಮೂಲಿ ಖರ್ಚು ಕಳೆದು 550 ಉಳಿಯುತ್ತದೆ. ಒಂದು ದೊಡ್ಡ ರಿಪೇರಿಗೆ ಅದು ಸಾಕು. ಕೊನೆಯಲ್ಲಿ ಗಾಡಿ 300ಕ್ಕೆ ಹೋದರೂ ನಿಜವಾದ ಖರ್ಚು 1,500.

ವ್ಯತ್ಯಾಸ ಸುಮಾರು 3,500 ರಿಯಾಲ್. ತಿಂಗಳಿಗೆ 58. ರಿಯಾಲಿಗೆ 220 ರೂಪಾಯಿ ಹಿಡಿದರೆ 12,700 ರೂಪಾಯಿಗೂ ಮೇಲಿನ ಒಂದು ಎಸ್‌ಐಪಿ. ಈ ಎಸ್‌ಐಪಿಯನ್ನು ಕಾರಿನ ಬಣ್ಣಕ್ಕೆ ಕೊಡುತ್ತೀರಾ, ಮಕ್ಕಳ ಕಾಲೇಜಿಗೆ ಕೊಡುತ್ತೀರಾ?

ಇನ್ನೊಂದು ವಿಷಯ ಲೆಕ್ಕದ ಹಾಳೆಯಲ್ಲಿ ಕಾಣುವುದಿಲ್ಲ. ನಮ್ಮ ವೀಸಾದ ಅವಧಿ ಚಿಕ್ಕದು, ಕಾರ್ ಸಾಲ ಐದು ವರ್ಷದ್ದು. ಕೆಲಸ ಹೋದ ದಿನ ಹಳೆಯ ಗಾಡಿಯನ್ನು ಸಿಕ್ಕಿದ ಬೆಲೆಗೆ ಮಾರಿ ವಿಮಾನ ಹತ್ತಬಹುದು. ಸಾಲದ ಗಾಡಿಯಾದರೆ ಮೊದಲು ಬ್ಯಾಂಕಿನ ಬಾಕಿ ತೀರಬೇಕು, ಆಮೇಲೆ ಮುಲ್ಕಿಯಾ ವರ್ಗಾವಣೆ.

30 ರಿಯಾಲ್ ಎಲ್ಲಿಗೆ ಹೋಗಬೇಕು

ಈ ಲೆಕ್ಕ ನಿಲ್ಲುವುದು ಕೆಡುವ ಮೊದಲೇ ಬದಲಿಸುವ ಶಿಸ್ತು ಇದ್ದರೆ ಮಾತ್ರ. ಗಾಡಿಯ ಮ್ಯಾನುಯಲ್‌ನಲ್ಲಿ ಮಾಮೂಲಿ ಬಳಕೆಗೆ ಒಂದು ವೇಳಾಪಟ್ಟಿ, ಕಠಿಣ ಬಳಕೆಗೆ ಇನ್ನೊಂದು ಇರುತ್ತದೆ. ಧೂಳು, ವಿಪರೀತ ಬಿಸಿ, ಎಸಿ ಹಾಕಿ ನಿಂತಲ್ಲೇ ಓಡುವ ಎಂಜಿನ್: ಒಮಾನ್ ಅಂದರೆ ಎರಡನೆಯದೇ.

ಕೂಲಿಂಗ್ ಮೊದಲು. ರೇಡಿಯೇಟರ್ ಮುಚ್ಚಳ ಒಳಗೆ ಸುಮಾರು 1 ಬಾರ್ ಹೆಚ್ಚುವರಿ ಒತ್ತಡ ಹಿಡಿದಿಡುವುದರಿಂದ ಬರೀ ನೀರು ಕೂಡ ಅಲ್ಲಿ 120 ಡಿಗ್ರಿವರೆಗೆ ಕುದಿಯುವುದಿಲ್ಲ. ಹೋಸ್ ಸೋರಿದರೆ ಆ ಒತ್ತಡವೇ ಹೋಯಿತು. ಕೂಲಂಟ್ ತುಕ್ಕನ್ನೂ ತಡೆಯುತ್ತದೆ, ಆ ಗುಣ ಕಾಲಕ್ರಮೇಣ ಸವೆಯುತ್ತದೆ. ಹಾಗಾಗಿ ನಲ್ಲಿ ನೀರು ಸುರಿದು ದಿನ ತಳ್ಳಬೇಡಿ. ಹೋಸ್, ಥರ್ಮೋಸ್ಟಾಟ್, ಮುಚ್ಚಳ, ಬೆಲ್ಟ್ ಇವನ್ನು ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಬೇಸಿಗೆ ಏರುವ ಮುಂಚೆ ನೋಡಿಸಿ. ಟೆಂಪರೇಚರ್ ಮುಳ್ಳು ಏರಿದರೆ ಅಲ್ಲೇ ನಿಲ್ಲಿಸಿ. ನನ್ನ ಹಾಗೆ ಮೂರು ಕಿ.ಮೀ. ಆಸೆ ಪಡಬೇಡಿ. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ.

ಎರಡನೆಯದು ಟೈಮಿಂಗ್ ಬೆಲ್ಟ್. ನಿಮ್ಮ ಎಂಜಿನ್‌ಗೆ ಬೆಲ್ಟೋ ಚೈನೋ, ಇಂದೇ ಕೇಳಿ ತಿಳಿದುಕೊಳ್ಳಿ. ಬೆಲ್ಟ್ ಆಗಿದ್ದರೆ ಮ್ಯಾನುಯಲ್ ಹೇಳುವ ಕಿ.ಮೀ. ಅಥವಾ ವರ್ಷ, ಯಾವುದು ಮೊದಲೋ ಅದಕ್ಕೆ ಬದಲಿಸಿ. ಹಲವು ಎಂಜಿನ್‌ಗಳಲ್ಲಿ ಅದು ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ವಾಟರ್ ಪಂಪ್ ಅದೇ ಬೆಲ್ಟಿನಿಂದ ತಿರುಗುವಂತಿದ್ದರೆ ಅದನ್ನೂ ಆಗಲೇ ಹಾಕಿಸಿ, ಮಜೂರಿ ಒಂದೇ ಸಲಕ್ಕೆ ಮುಗಿಯುತ್ತದೆ.

ಗೇರ್ ಆಯಿಲ್ "ಲೈಫ್‌ಟೈಮ್" ಎಂಬ ಮಾತು ನಂಬಬೇಡಿ. ಯಾರ ಲೈಫ್ ಎಂದು ಅದು ಹೇಳುವುದಿಲ್ಲ. ಆಟೊಮ್ಯಾಟಿಕ್ ಗಾಡಿಯಾದರೆ 50–60 ಸಾವಿರ ಕಿ.ಮೀ.ಗೊಮ್ಮೆ ಇಳಿಸಿ ತುಂಬಿಸಿ. ಇದುವರೆಗೆ ಬದಲಿಸಿಯೇ ಇಲ್ಲವಾದರೆ ಮಷೀನ್ ಹಾಕಿ ಪೂರ್ತಿ ತೊಳೆಸುವುದಕ್ಕಿಂತ ಎರಡು ಮೂರು ಸಲ ಸ್ವಲ್ಪ ಸ್ವಲ್ಪವಾಗಿ ಬದಲಿಸುವುದು ಕ್ಷೇಮ.

ಟೈರ್ ವಿಷಯದಲ್ಲಿ ಗುಂಡಿ ಎಷ್ಟು ಉಳಿದಿದೆ ಎಂಬುದಷ್ಟೇ ಮುಖ್ಯವಲ್ಲ, ವಯಸ್ಸೂ ಮುಖ್ಯ. ಪಕ್ಕದಲ್ಲಿ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 3521 ಎಂದಿದ್ದರೆ 2021ರ 35ನೇ ವಾರ ತಯಾರಾದದ್ದು. ಇಲ್ಲಿನ ಕಾದ ಡಾಂಬರಿನ ಮೇಲೆ 120ರ ವೇಗದಲ್ಲಿ ಹಳೆಯ ರಬ್ಬರ್ ಒಡೆದರೆ ಅದು ರಿಪೇರಿ ಬಿಲ್ಲಿನ ಮಾತಾಗಿ ಉಳಿಯುವುದಿಲ್ಲ. ಬ್ರೇಕ್ ಆಯಿಲ್ ಕೂಡ ಗಾಳಿಯ ತೇವ ಹೀರುತ್ತದೆ. ಸಮುದ್ರದ ಪಕ್ಕದ ಮಬೇಲಾದಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಿ. ಬಿಸಿಲಿಗೆ ಬ್ಯಾಟರಿಯ ಆಯಸ್ಸೂ ಕಡಿಮೆ. ಎರಡು ವರ್ಷ ದಾಟಿದರೆ ಟೆಸ್ಟ್ ಮಾಡಿಸಿ.

ಬಿಡಿಭಾಗವನ್ನು ನೀವೇ ಬಿಲ್ ಸಮೇತ ಕೊಂಡು ಕೊಡಿ. ಪರಿಚಯದ ಒಬ್ಬನೇ ಮೆಕ್ಯಾನಿಕ್ ಇರಲಿ. ತೆಗೆದ ಹಳೆಯ ಭಾಗ ಕೇಳಿ ನೋಡಿ. ದಿನಾಂಕ, ಕಿ.ಮೀ., ದುಡ್ಡು ಬರೆದಿಡಿ. ಮಾರುವ ದಿನ ಆ ನೋಟ್‌ಬುಕ್ಕಿಗೂ ಬೆಲೆ ಬರುತ್ತದೆ.

ಯಾವಾಗ ಸಾಕು ಎನ್ನಬೇಕು

ಹಳೆಯ ಗಾಡಿಯನ್ನು ಮದುವೆಯಾಗಿ ಎಂದು ನಾನು ಹೇಳುತ್ತಿಲ್ಲ. ನನ್ನ ಮಿತಿ ಮೂರು. ಒಂದೇ ರಿಪೇರಿ ಗಾಡಿಯ ಇಂದಿನ ಬೆಲೆಯ ಅರ್ಧ ದಾಟಿದರೆ ಬಿಡುತ್ತೇನೆ. ನೋಡಿಕೊಂಡ ಮೇಲೂ ವರ್ಷದಲ್ಲಿ ಎರಡು ಸಲ ರಸ್ತೆಯಲ್ಲಿ ನಿಂತರೆ ಬಿಡುತ್ತೇನೆ. ಚಾಸಿಗೆ ತುಕ್ಕು ಹಿಡಿದರೆ, ಏರ್‌ಬ್ಯಾಗ್ ಅಥವಾ ಎಬಿಎಸ್ ಸರಿಯಾಗದಿದ್ದರೆ ಲೆಕ್ಕ ಹಾಕದೆ ಬಿಡುತ್ತೇನೆ. ಅಮೆರಿಕದಲ್ಲಿ ಅಪಘಾತವಾಗಿ ಇಲ್ಲಿ ಬಣ್ಣ ಬಳಿಸಿಕೊಂಡು ಬಂದ ಗಾಡಿಗಳಿಗೂ ಈ ಲೇಖನ ಅನ್ವಯಿಸುವುದಿಲ್ಲ.

"ಖರೀಫ್‌ಗೆ ಸಲಾಲಾಗೆ ಹೋಗೋದು ಹೇಗೆ?" ಎಂಬುದು ಹೊಸ ಎಸ್‌ಯುವಿ ಕೊಳ್ಳುವವರ ಮೆಚ್ಚಿನ ಸಮರ್ಥನೆ. ಒಂದು ಕಡೆಗೇ ಸಾವಿರ ಕಿ.ಮೀ. ದಾರಿ, ಮಧ್ಯೆ ಬರೀ ಮರುಭೂಮಿ. ಹಳೆಯ ಗಾಡಿಯಲ್ಲಿ ಮಕ್ಕಳನ್ನು ಕರೆದೊಯ್ಯಿರಿ ಎಂದು ನಾನೂ ಹೇಳಲಾರೆ. ಆ ಐದು ದಿನಕ್ಕೆ ಬಾಡಿಗೆ ಕಾರು ತೆಗೆದುಕೊಳ್ಳಿ. ವರ್ಷಕ್ಕೆ ಐದು ದಿನದ ಅಗತ್ಯಕ್ಕೆ 60 ತಿಂಗಳ ಸಾಲ ಯಾಕೆ?

ಗೆಳೆಯನಿಗೆ ಹೇಳಿದ್ದು ಇಷ್ಟೇ. 90 ರಿಯಾಲ್ ಕೊಟ್ಟು ಎಸಿ ಮಾಡಿಸು, ಹೋಸ್‌ಗಳನ್ನೂ ಒತ್ತಿ ನೋಡಿಸು. ಸಂಬಳದ ದಿನ 30 ರಿಯಾಲ್ ಬೇರೆ ಖಾತೆಗೆ ಹೋಗುವಂತೆ ಸ್ಟ್ಯಾಂಡಿಂಗ್ ಆರ್ಡರ್ ಹಾಕು. ಆ ದುಡ್ಡು ಮ್ಯೂಚುವಲ್ ಫಂಡಿಗೆ ಬೇಡ, ಊರಿಗೂ ಕಳಿಸಬೇಡ. ಸನಾಯಾಗೆ ಹೋದಾಗ ಕೈಗೆ ಸಿಗುವಂತಿರಲಿ. "ಆಮೇಲೂ ಹೊಸ ಕಾರಿನ ಆಸೆ ಹೋಗದಿದ್ದರೆ?" ಎಂದ. ಉಳಿಯುವ 58 ರಿಯಾಲನ್ನು ಐದು ವರ್ಷ ಕೂಡಿಡು, ಆಗ ಹೊಸದಕ್ಕೆ ಅರ್ಧದಷ್ಟು ದುಡ್ಡು ನಿನ್ನದೇ ಇರುತ್ತೆ ಎಂದೆ.