ಪಠ್ಯದ ಜಗಳದಲ್ಲಿ ಮರೆತುಹೋದ ಇತಿಹಾಸ ಬೋಧನೆ

ಕರ್ನಾಟಕದಲ್ಲಿ 2021ರಲ್ಲಿ ಎಂಟನೆಯ ತರಗತಿಗೆ ಸೇರಿದ ವಿದ್ಯಾರ್ಥಿಯು ಮೊದಲ ವರ್ಷ ಬರಗೂರು ರಾಮಚಂದ್ರಪ್ಪ ಅವರ ನೇತೃತ್ವದ ಸಮಿತಿ ಪರಿಷ್ಕರಿಸಿದ್ದ ಸಮಾಜ ವಿಜ್ಞಾನ ಪುಸ್ತಕವನ್ನು ಓದಿದನು. ಮರುವರ್ಷ ರೋಹಿತ್ ಚಕ್ರತೀರ್ಥ ಅವರ ನೇತೃತ್ವದ ಸಮಿತಿ ತಿದ್ದಿದ ಪುಸ್ತಕ ಅವನ ಕೈಗೆ ಬಂದಿತು. 2023ರಲ್ಲಿ ಹತ್ತನೆಯ ತರಗತಿಗೆ ಕಾಲಿಡುವಷ್ಟರಲ್ಲಿ ಹೊಸ ಸರ್ಕಾರವು ಆ ತಿದ್ದುಪಡಿಗಳಲ್ಲಿ ಕೆಲವನ್ನು ಕೈಬಿಟ್ಟು ಪೂರಕ ಪುಸ್ತಿಕೆಯನ್ನು ಹೊರಡಿಸಿತು. ಪ್ರೌಢಶಾಲೆಯ ಮೂರೇ ವರ್ಷಗಳಲ್ಲಿ ಇಷ್ಟೆಲ್ಲ ಬದಲಾದರೂ ತರಗತಿಯೊಳಗೆ ನಡೆದ ಕೆಲಸ ಮಾತ್ರ ಒಂದೇ ಆಗಿತ್ತು: ಪಾಠದ ಕೊನೆಯ ಪ್ರಶ್ನೆಗಳಿಗೆ ಪಾಠದಲ್ಲಿರುವ ವಾಕ್ಯಗಳನ್ನೇ ಉತ್ತರವಾಗಿ ಬರೆದುಕೊಂಡು ಕಂಠಪಾಠ ಮಾಡುವುದು. ಯಾವ ಸಮಿತಿಯೂ ಈ ಕ್ರಮವನ್ನು ಮುಟ್ಟಲಿಲ್ಲ ಎಂಬುದೇ ಈ ವಿವಾದದ ಅತ್ಯಂತ ಕಳವಳಕಾರಿ ಸಂಗತಿಯಾಗಿದೆ.

ಈ ಹಗ್ಗಜಗ್ಗಾಟದ ಎರಡೂ ಬದಿಯವರು ತಮಗರಿವಿಲ್ಲದೆಯೇ ಒಂದು ನಂಬಿಕೆಯನ್ನು ಹಂಚಿಕೊಂಡಿದ್ದಾರೆ. ಅಚ್ಚಾದ ವಾಕ್ಯವು ಮಗುವಿನ ಮನಸ್ಸಿಗೆ ಹಾಗೆಯೇ ಇಳಿಯುತ್ತದೆ, ಆದ್ದರಿಂದ ಆ ವಾಕ್ಯದ ಮೇಲೆ ಯಾರಿಗೆ ಹಿಡಿತವಿದೆಯೋ ಅವರಿಗೆ ಮುಂದಿನ ತಲೆಮಾರು ಒಲಿಯುತ್ತದೆ ಎಂಬುದೇ ಆ ನಂಬಿಕೆ. ಪಠ್ಯದಲ್ಲಿ ಏನಿರಬೇಕು ಎಂಬುದು ಸಣ್ಣ ಪ್ರಶ್ನೆಯೇನಲ್ಲ. ತಪ್ಪು ಸಂಗತಿಗಳನ್ನು ತಿದ್ದಲೇಬೇಕು, ಪಕ್ಷಪಾತವನ್ನು ಎತ್ತಿ ತೋರಿಸಲೇಬೇಕು. ಆದರೆ ಗತಕಾಲದ ಬಗೆಗಿನ ಒಂದು ಹೇಳಿಕೆ ಹೇಗೆ ಹುಟ್ಟಿತು, ಅದಕ್ಕೆ ಯಾವ ಆಧಾರವಿದೆ ಎಂದು ಕೇಳುವುದನ್ನು ಕಲಿಯದ ವಿದ್ಯಾರ್ಥಿಗೆ ಸರಿಯಾದ ವಾಕ್ಯವೂ ತಪ್ಪು ವಾಕ್ಯವೂ ಸಮಾನವಾಗಿ ಉರು ಹೊಡೆಯುವ ಸರಕಾಗಿಯೇ ಉಳಿಯುತ್ತವೆ.

2022ರಲ್ಲಿ ಅತಿ ಹೆಚ್ಚು ಕಾವೇರಿದ್ದು ಒಂಬತ್ತನೆಯ ತರಗತಿಯ ಬಸವಣ್ಣನವರ ಪಾಠದ ಸುತ್ತ. ಉಪನಯನದ ಪ್ರಸಂಗವನ್ನು ಬದಲಿಸಿದ್ದಕ್ಕೆ ಹಲವು ಮಠಾಧೀಶರೂ ಸಾಹಿತಿಗಳೂ ತೀವ್ರವಾಗಿ ಆಕ್ಷೇಪಿಸಿದರು. ಸರ್ಕಾರ ತಿದ್ದುವುದಾಗಿ ಹೇಳಬೇಕಾಯಿತು. ಈ ಪ್ರಸಂಗದ ಬಗ್ಗೆ ಹಳೆಯ ಆಕರಗಳೇ, ಅಂದರೆ ಗತಕಾಲವನ್ನು ತಿಳಿಯಲು ನೆರವಾಗುವ ಮೂಲ ಬರಹಗಳೂ ಅವಶೇಷಗಳೂ, ಒಂದೇ ಮಾತನ್ನು ಹೇಳುವುದಿಲ್ಲ. ಹರಿಹರನ ಬಸವರಾಜದೇವರ ರಗಳೆಯಲ್ಲಿ ಬಸವಣ್ಣನಿಗೆ ಉಪನಯನ ನಡೆದಿದ್ದು, ಹದಿಹರೆಯದಲ್ಲಿ ಅವನು ಜನಿವಾರವನ್ನು ಕಿತ್ತೆಸೆದು ಮನೆ ಬಿಟ್ಟು ಹೊರಡುತ್ತಾನೆ. ತೆಲುಗಿನ ಪಾಲ್ಕುರಿಕೆ ಸೋಮನಾಥನ ಬಸವಪುರಾಣದಲ್ಲಿಯೂ, ಅದನ್ನು ಆಧರಿಸಿ ಭೀಮಕವಿ 1369ರಲ್ಲಿ ಬರೆದ ಕನ್ನಡ ಬಸವಪುರಾಣದಲ್ಲಿಯೂ ಬಾಲಕ ಬಸವ ಉಪನಯನವನ್ನೇ ನಿರಾಕರಿಸುತ್ತಾನೆ. ಇವರೆಲ್ಲರೂ ಭಕ್ತಿಯಿಂದ ಬರೆದ ಕವಿಗಳು. ಹರಿಹರನು ಬಸವಣ್ಣನ ಕಾಲಕ್ಕೆ ಹೆಚ್ಚು ಹತ್ತಿರದವನು. ಬೆಳಗಾವಿ ಜಿಲ್ಲೆಯ ಅರ್ಜುನವಾಡದ 1260ರ ಶಾಸನವು ಬಸವಣ್ಣನನ್ನು ಹೆಸರಿಸುತ್ತದೆಯಾದರೂ ಶಾಸನಕ್ಕೆ ಕಾವ್ಯದ ಉದ್ದೇಶವಿಲ್ಲ. ಕಾವ್ಯಗಳ ಎರಡು ಬಗೆಯ ಕಥನಗಳೂ ಜನಿವಾರವನ್ನು ಒಲ್ಲದ ಬಸವಣ್ಣನನ್ನೇ ತೋರಿಸುತ್ತವೆ, ಆದರೆ ಯಾವಾಗ, ಹೇಗೆ ಎಂಬಲ್ಲಿ ಬೇರೆಯಾಗುತ್ತವೆ. ಈ ವ್ಯತ್ಯಾಸವನ್ನು ಹದಿನಾಲ್ಕು ವರ್ಷದ ಮಕ್ಕಳ ಮುಂದೆ ತೆರೆದಿಟ್ಟು, ಯಾರು, ಯಾವ ಕಾಲದಲ್ಲಿ, ಯಾರಿಗಾಗಿ ಬರೆದರು ಎಂದು ವಿಚಾರಿಸಲು ಹೇಳಿದ್ದರೆ ಇಡೀ ರಾಜ್ಯವನ್ನು ಕಲಕಿದ ವಿವಾದವು ತರಗತಿಯೊಂದರ ಅತ್ಯುತ್ತಮ ಪಾಠವಾಗುತ್ತಿತ್ತು. ಅದರ ಬದಲು ಒಂದು ವಾಕ್ಯ ಹೋಗಿ ಇನ್ನೊಂದು ಬಂದಿತು. ಆ ವಾಕ್ಯಗಳ ಹಿಂದೆ ಕವಿಗಳಿದ್ದಾರೆ, ಕಾವ್ಯಗಳಿವೆ ಎಂಬ ಸುಳಿವೂ ಮಕ್ಕಳಿಗೆ ಸಿಗಲಿಲ್ಲ.

ಹತ್ತನೆಯ ತರಗತಿಯ ಟಿಪ್ಪು ಸುಲ್ತಾನನ ಪಾಠದ ಗತಿಯೂ ಬೇರೆಯಲ್ಲ. 1791ರಲ್ಲಿ ಮರಾಠಾ ದಂಡು ಶೃಂಗೇರಿಯನ್ನು ಕೊಳ್ಳೆಹೊಡೆದ ಮೇಲೆ ಟಿಪ್ಪು ಅಲ್ಲಿನ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ, ಶಾರದಾ ವಿಗ್ರಹದ ಪುನಃಪ್ರತಿಷ್ಠೆಗೆ ನೆರವು ನೀಡಿದ ಪತ್ರಗಳನ್ನು ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ 1916ರಲ್ಲಿ ಬೆಳಕಿಗೆ ತಂದರು. ಟಿಪ್ಪುವಿನ ಪರ್ಷಿಯನ್ ಪತ್ರಗಳನ್ನು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಅನುವಾದಿಸಿ 1811ರಲ್ಲಿ ಪ್ರಕಟಿಸಿದನು. ಕೊಡಗು ಮತ್ತು ಮಲಬಾರಿನ ದಮನದ ಬಗೆಗಿನ ಕಹಿ ನೆನಪುಗಳಿಗೂ ಅವುಗಳದೇ ಆಧಾರಗಳಿವೆ. ಅರಸನೊಬ್ಬ ಒಂದೆಡೆ ಮಠಕ್ಕೆ ಹಣ ಕಳುಹಿಸಿ ಇನ್ನೊಂದೆಡೆ ಒಂದು ನಾಡನ್ನೇ ಹಿಂಡಲು ಸಾಧ್ಯವೆ, ಅವನನ್ನು ಸೋಲಿಸಿದ ಕಂಪನಿಯ ಅಧಿಕಾರಿ ಆರಿಸಿದ ಪತ್ರಗಳನ್ನು ಓದುವಾಗ ಯಾವ ಎಚ್ಚರಿಕೆ ಬೇಕು ಎಂಬ ಪ್ರಶ್ನೆಗಳನ್ನು ಪಾಠ ಎತ್ತುವುದೇ ಇಲ್ಲ. ಟಿಪ್ಪುವನ್ನು ಹೊಗಳುವ ವಿಶೇಷಣ ಇರಬೇಕೆ, ತೆಗೆಯಬೇಕೆ ಎಂಬುದಷ್ಟೇ ವಿಧಾನಸೌಧದ ಚರ್ಚೆಯಾಗುತ್ತದೆ.

ತರಗತಿಯಿಂದ ತರಗತಿಗೆ ಪಠ್ಯವನ್ನು ಹಂಚಿರುವ ರೀತಿಯೂ ಈ ದೋಷವನ್ನು ಹೆಚ್ಚಿಸುತ್ತದೆ. ಎಂಟರಲ್ಲಿ ಪ್ರಾಚೀನ ಕಾಲ, ಒಂಬತ್ತರಲ್ಲಿ ಮಧ್ಯಕಾಲ, ಹತ್ತರಲ್ಲಿ ಯುರೋಪಿಯನ್ನರ ಆಗಮನದಿಂದ ಸ್ವಾತಂತ್ರ್ಯೋತ್ತರ ಭಾರತದವರೆಗೆ ಎಂಬ ಈ ಕಾಲಾನುಕ್ರಮದಲ್ಲಿ ಹದಿಮೂರರ ಪ್ರಾಯದಲ್ಲಿ ಓದಿದ ಮೌರ್ಯರನ್ನೂ ಬಾದಾಮಿಯ ಚಾಲುಕ್ಯರನ್ನೂ ವಿದ್ಯಾರ್ಥಿಯು ಪ್ರೌಢಶಾಲೆಯಲ್ಲಿ ಮತ್ತೆಂದೂ ಎದುರುಗೊಳ್ಳುವುದಿಲ್ಲ. ಶಿಕ್ಷಣ ಚಿಂತಕ ಜೆರೋಮ್ ಬ್ರೂನರ್ 1960ರಲ್ಲಿಯೇ ಪ್ರತಿಪಾದಿಸಿದ ಸುರುಳಿ ಪಠ್ಯಕ್ರಮ, ಅಂದರೆ ಒಂದೇ ವಿಷಯಕ್ಕೆ ಮೇಲಿನ ತರಗತಿಗಳಲ್ಲಿ ಹೆಚ್ಚಿನ ಆಳದೊಂದಿಗೆ ಮರಳುವ ಕ್ರಮ, ಇಲ್ಲಿಗೆ ಅಪರಿಚಿತವೇನಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಎನ್‌ಸಿಇಆರ್‌ಟಿ ಸಿದ್ಧಪಡಿಸಿದ ಪುಸ್ತಕಗಳಲ್ಲಿ ಆರನೆಯ ತರಗತಿಯಲ್ಲಿ ಕಥನವಾಗಿ ಬಂದ ಹರಪ್ಪಾ ಹನ್ನೆರಡರಲ್ಲಿ ಪುರಾತತ್ವಜ್ಞರ ವಾದವಿವಾದಗಳೊಂದಿಗೆ, ಆಕರಗಳ ತುಣುಕುಗಳೊಂದಿಗೆ ಮರಳಿ ಬಂದಿತು. ಕರ್ನಾಟಕದಲ್ಲಿ ಇದಕ್ಕೆ ಸಾಮಗ್ರಿಯ ಬರವಿಲ್ಲ: ವೀರಗಲ್ಲೋ ಮಾಸ್ತಿಕಲ್ಲೋ ಶಾಸನವೋ ಇಲ್ಲದ ಹೋಬಳಿಯನ್ನು ಹುಡುಕುವುದೇ ಕಷ್ಟ, ಬಿ.ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಸಾವಿರಾರು ಶಾಸನಗಳ ಪಾಠ ಅಚ್ಚಾಗಿದೆ. ಎಂಟನೆಯ ತರಗತಿಯವರು ತಮ್ಮೂರಿನ ಕಲ್ಲಿನಿಂದ ಆರಂಭಿಸಬಹುದು.

ಇದಕ್ಕೆಲ್ಲ ಸಮಯವೆಲ್ಲಿದೆ ಎಂಬ ಶಿಕ್ಷಕರ ಆಕ್ಷೇಪ ನ್ಯಾಯವಾದದ್ದು. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರು ವಿಭಾಗಗಳನ್ನು ಒಬ್ಬರೇ ಶಿಕ್ಷಕರು ಬೋಧಿಸಬೇಕಾಗಿರುವಾಗ, ಎಲ್ಲವೂ ಸೇರಿ 80 ಅಂಕಗಳ ಒಂದೇ ಲಿಖಿತ ಪರೀಕ್ಷೆಯಲ್ಲಿ ಮುಗಿಯುವಾಗ, ಶಾಸನದ ಮುಂದೆ ಒಂದು ಪೀರಿಯಡ್ ಕಳೆಯುವುದು ದುಂದುವೆಚ್ಚವೆಂದೇ ಕಾಣುತ್ತದೆ. ಹದಿನೈದು ವರ್ಷದ ಮಕ್ಕಳಿಗೆ ಅನಿಶ್ಚಿತತೆ ಗೊಂದಲ ಹುಟ್ಟಿಸುತ್ತದೆ ಎಂಬ ಇನ್ನೊಂದು ಆಕ್ಷೇಪ ಮಾತ್ರ ನಿಲ್ಲುವುದಿಲ್ಲ, ಏಕೆಂದರೆ ಅದೇ ಮಕ್ಕಳು ವಾಟ್ಸಾಪ್‌ನಲ್ಲಿ ಟಿಪ್ಪುವಿನ ಬಗ್ಗೆ ಪರಸ್ಪರ ವಿರುದ್ಧವಾದ ಹತ್ತು ಕಥನಗಳನ್ನು ಈಗಾಗಲೇ ಓದುತ್ತಿದ್ದಾರೆ, ತೂಗಿ ನೋಡುವ ಯಾವ ಸಾಧನವೂ ಇಲ್ಲದೆ. ಎಸ್‌ಎಸ್‌ಎಲ್‌ಸಿ ನಂತರ ವಿಜ್ಞಾನ ವಿಭಾಗಕ್ಕೆ ಹೋಗುವವರು ತರಗತಿಯಲ್ಲಿ ಇತಿಹಾಸವನ್ನು ಮತ್ತೆ ಓದುವುದೂ ಇಲ್ಲ.

ಪರೀಕ್ಷೆಯಲ್ಲಿ ಏನನ್ನು ಕೇಳಲಾಗುತ್ತದೆಯೋ ತರಗತಿಯಲ್ಲಿ ಅದನ್ನೇ ಕಲಿಸಲಾಗುತ್ತದೆ. ಆದ್ದರಿಂದ ಬದಲಾವಣೆಯೂ ಅಲ್ಲಿಂದಲೇ ಆರಂಭವಾಗಬೇಕು. ಸಿಬಿಎಸ್‌ಇ ಹನ್ನೆರಡನೆಯ ತರಗತಿಯ ಇತಿಹಾಸ ಪತ್ರಿಕೆಯಲ್ಲಿ ಆಕರದ ತುಣುಕನ್ನು ಕೊಟ್ಟು ಪ್ರಶ್ನೆ ಕೇಳುವ ರೂಢಿ ಇದ್ದೇ ಇದೆ. ಎಸ್‌ಎಸ್‌ಎಲ್‌ಸಿ ಸಮಾಜ ವಿಜ್ಞಾನ ಪತ್ರಿಕೆಯಲ್ಲಿಯೂ ಪಠ್ಯಪುಸ್ತಕದಲ್ಲಿಲ್ಲದ ಒಂದು ಶಾಸನದ ಅಥವಾ ಪತ್ರದ ನಾಲ್ಕು ಸಾಲುಗಳನ್ನು ಹೊಸಗನ್ನಡದಲ್ಲಿ ಕೊಟ್ಟು, ಅದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ಐದು ಅಂಕಗಳಿಗೆ ಕೇಳಲು ಯಾವ ಪಕ್ಷದ ಸಮಿತಿಯೂ ಬೇಕಿಲ್ಲ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು ಮನಸ್ಸು ಮಾಡಿದರೆ ಮಾದರಿ ಪ್ರಶ್ನೆಪತ್ರಿಕೆಯೊಂದರಿಂದಲೇ ಇದನ್ನು ಆರಂಭಿಸಬಹುದು.