ಸೀರಣಿಗೆ ಮತ್ತು ಸಂಕೋಚ

ಈ ಸಲ ನಾವು ಎತ್ತಿಕೊಂಡಿರುವ ವಿಷಯ ನಾಲ್ಕು ಜನರ ನಡುವೆ ಆಡುವಂಥದಲ್ಲ. ಊಟದ ಪಂಕ್ತಿಯಲ್ಲಂತೂ ಅದರ ಹೆಸರೆತ್ತಿದರೆ ಎಲೆ ಬಿಟ್ಟು ಏಳುವವರಿದ್ದಾರೆ. ಆದರೂ ಮಕ್ಕಳಿರುವ ಮನೆಗೆ ಅದು ಒಂದಲ್ಲ ಒಂದು ದಿನ ಬರುವಂಥದೇ. ಬಂದ ಮೇಲೆ ಬಾಗಿಲು ಮುಚ್ಚಿಕೊಂಡು ಒದ್ದಾಡುವುದಕ್ಕಿಂತ ಮುಂಚೆಯೇ ಬಹಿರಂಗವಾಗಿ ಮಾತಾಡಿಬಿಡುವುದು ಲೇಸು. ಹೇನಿನ ಮಾತು. ಓದುಗ ಬಂಧುಗಳು ತಲೆ ಕೆರೆದುಕೊಳ್ಳದೆ ಮುಂದೆ ಓದಬೇಕಾಗಿ ಪ್ರಾರ್ಥನೆ.

ಟಿಟ್ವಾಳಾದಲ್ಲಿ ಮನೆ ಮಾಡಿದವರಿಗೆ ಒಂದು ಪುಣ್ಯ ತಾನಾಗಿಯೇ ಒದಗುತ್ತದೆ. ಸಂಕಷ್ಟಿ ಮಂಗಳವಾರ ಬಂತೆಂದರೆ ಅಂಗಾರಕಿ. ಮಹಾಗಣಪತಿಯ ದರ್ಶನಕ್ಕೆ ಲೋಕಲ್ ಗಾಡಿ ತುಂಬಿ ಜನ ಬರುತ್ತಾರೆ. ಅವರಲ್ಲಿ ನಮ್ಮ ನೆಂಟರೂ ಇರುತ್ತಾರೆ. ಹೋದ ಅಂಗಾರಕಿಗೆ ಡೊಂಬಿವಲಿಯಿಂದ ನಮ್ಮ ಅಕ್ಕ ತನ್ನ ಇಬ್ಬರು ಹೆಣ್ಣುಮಕ್ಕಳೊಡನೆ ಹಿಂದಿನ ರಾತ್ರಿಯೇ ಬಂದಿಳಿದಳು. ನಮ್ಮ ಮಗಳೂ ಸೇರಿ ಮೂವರು ಹುಡುಗಿಯರು ಒಂದೇ ಹಾಸಿಗೆಯಲ್ಲಿ ತಲೆಗೆ ತಲೆ ತಾಗಿಸಿ, ನಡುರಾತ್ರಿಯವರೆಗೆ ಪಿಸುಮಾತಾಡುತ್ತ ಮಲಗಿದರು. ನೋಡಿ ನಮಗೂ ಸಂತೋಷವಾಯಿತು.

ಇದಾದ ಹನ್ನೆರಡು ದಿನಕ್ಕೆ ಶಾಲೆಯಿಂದ ಮಗಳ ಡೈರಿಯಲ್ಲಿ ಒಂದು ಸಾಲಿನ ಆಜ್ಞೆ ಬಂತು: ತಲೆಯಲ್ಲಿ ಹೇನಿವೆ, ಶುಚಿ ಮಾಡಿ ಕಳಿಸಿರಿ. ಸಾಲೇನೋ ಒಂದೇ. ಆದರೆ ಅದನ್ನು ಬರೆಯುವ ಮೊದಲು ಹುಡುಗಿಯನ್ನು ಎಲ್ಲರೆದುರಿಗೆ ಎಬ್ಬಿಸಿ ಕೊನೆಯ ಬೆಂಚಿನಲ್ಲಿ ಒಂಟಿಯಾಗಿ ಕೂರಿಸಿದ್ದರಂತೆ. ಎಂಟು ವರ್ಷದ ಕೂಸು. ಮನೆಗೆ ಬಂದದ್ದೇ ಊಟ ಬೇಡವೆಂದು ಗೋಡೆಯ ಕಡೆ ಮುಖ ಮಾಡಿ ಮಲಗಿತು.

ನಾವು ಸರಕಾರಿ ಗುಮಾಸ್ತರು. ಏನೇ ಕೆಟ್ಟರೂ ಮೊದಲು ತಪ್ಪು ಯಾರದೆಂದು ಗೊತ್ತುಮಾಡಿ, ಆಮೇಲೆ ರಿಪೇರಿಯ ಯೋಚನೆ ಮಾಡುವುದು ನಮ್ಮ ಅಭ್ಯಾಸ. ವಿಚಾರಣೆ ಆರಂಭವಾಯಿತು. ನಮ್ಮ ಶ್ರೀಮತಿ ಒಂದು ಸಾಕ್ಷ್ಯ ನುಡಿದಳು: ಅಂಗಾರಕಿಯ ರಾತ್ರಿಯ ಆ ಹಾಸಿಗೆ. ನಾವು ತೀರ್ಪನ್ನೂ ಕೊಟ್ಟುಬಿಟ್ಟೆವು. ಅಕ್ಕನಿಗೆ ಫೋನು ಮಾಡಿ, “ಹುಡುಗರ ತಲೆ ನೋಡಿ ಕರಕೊಂಡು ಬರಬಾರದಿತ್ತೇನು?” ಎಂದು ಕೇಳಿದೆವು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ನಿಮ್ಮ ಮನಿಗೆ ಬಂದದ್ದs ತಪ್ಪಾತು ಬಿಡಪಾ” ಎಂಬಷ್ಟೇ ಮಾತು. ಫೋನು ಇಟ್ಟಳು.

ಇನ್ನು ಚಿಕಿತ್ಸೆ. ಶ್ರೀಮತಿ ಬೇಸತ್ತು, ತಲೆ ಬೋಳಿಸಿಬಿಡೋಣವೆಂದಳು. ಮಗಳು ಎರಡೂ ಜಡೆಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಹಿಂದೆ ನಿಂತಳು. ನೆಗಡಿ ಬಂದರೆ ಮೂಗು ಕೊಯ್ದುಕೊಳ್ಳುತ್ತಾರೆಯೇ ಎಂದು ನಾವು ಅಡ್ಡ ಬಂದೆವು. ಮೇಲಿನ ಮಾಳಿಗೆಯವರು ಸೀಮೆಎಣ್ಣೆ ಹಚ್ಚಿ ಎಂದರು. ಎದುರು ಮನೆಯವರು ಸೀತಾಫಲದ ಬೀಜ ಅರೆದು ಹಚ್ಚಿ ಎಂದರು. ನಮ್ಮ ಪುಣ್ಯಕ್ಕೆ ಎರಡೂ ಮನೆಯಲ್ಲಿರಲಿಲ್ಲ. ಹುಡುಗಿಯನ್ನು ಕರೆದುಕೊಂಡು ಡಾಕ್ಟರ ಬಳಿಗೆ ಹೋದೆವು.

ಡಾಕ್ಟರು ಮೊದಲು ಈ ಎರಡು ಮದ್ದುಗಳ ವಿಷಯ ಕೇಳಿ ಕೈಮುಗಿದರು. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ. ಒಲೆಯ ಕಿಡಿ ತಾಗಿದರೆ ತಲೆಯೇ ಹೊತ್ತಿಕೊಳ್ಳುತ್ತದೆ. ಸೀತಾಫಲದ ಬೀಜದ ಪುಡಿ ತಲೆಯಿಂದ ಇಳಿದು ಕಣ್ಣಿಗೆ ಹೋದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪದರವೇ ಹುಣ್ಣಾಗುತ್ತದೆ. ಹಾಗಾಗಿ ಕಣ್ಣಾಸ್ಪತ್ರೆಗೆ ಬಂದವರು ನಮ್ಮ ದೇಶದಲ್ಲಿದ್ದಾರೆ. ತಿಗಣೆ, ಜಿರಳೆಗೆ ಹೊಡೆಯುವ ಔಷಧವನ್ನಂತೂ ತಲೆಯ ಹತ್ತಿರ ತರಲೇಬಾರದು.

ಆಮೇಲೆ ಕೇಳಿದರು: “ಕೆರೆತ ಎಂದಿನಿಂದ?” ಅಂಗಾರಕಿಗೆ ಒಂದು ವಾರ ಮುಂಚಿನಿಂದಲೇ ಕೆರೆದುಕೊಳ್ಳುತ್ತಿದ್ದಳೆಂದು ಶ್ರೀಮತಿಗೆ ಆಗ ನೆನಪಾಯಿತು. ಹೊಟ್ಟಿರಬೇಕೆಂದು ಎಣ್ಣೆ ಹಚ್ಚಿದ್ದಳಂತೆ. ಡಾಕ್ಟರು ನಕ್ಕರು. ಮೊದಲ ಸಲ ಹೇನು ಹತ್ತಿದವರಿಗೆ ತುರಿಕೆ ಕಾಣಿಸಲು 4ರಿಂದ 6 ವಾರ ಹಿಡಿಯಬಹುದಂತೆ. ಹೇನಿನ ಜೊಲ್ಲಿಗೆ ಮೈ ಒಗ್ಗದೆ ಹೋಗುವುದರಿಂದ ಆ ತುರಿಕೆ. ನಾವು ಬೆರಳು ಮಡಿಸಿ ಲೆಕ್ಕ ಹಾಕಿದೆವು. ಅಕ್ಕ ಬರುವುದಕ್ಕೆ ಒಂದು ತಿಂಗಳು ಮೊದಲೇ ನಮ್ಮ ಮಗಳ ತಲೆಯಲ್ಲಿ ಸಂಸಾರ ಹೂಡಿಯಾಗಿತ್ತು. ಪ್ರಸಾದದ ಜೊತೆಗೆ ಹೇನನ್ನೂ ಕಟ್ಟಿ ಡೊಂಬಿವಲಿಗೆ ಕಳಿಸಿದವರು ನಾವೇ ಆಗಿರಬೇಕು! ಆ ಕ್ಷಣದಲ್ಲಿ ನಮ್ಮ ಮುಖ ಹೇಗಿತ್ತೆಂಬುದನ್ನು ಬರೆಯುವುದಿಲ್ಲ.

ಡಾಕ್ಟರು ಹೇಳಿದ್ದನ್ನು ನಾವು ಕಚೇರಿಯ ಟಿಪ್ಪಣಿಯಂತೆ ಬರೆದುಕೊಂಡು ಬಂದಿದ್ದೇವೆ. ಬೆಳೆದ ಹೇನು ಎಳ್ಳಿನ ಕಾಳಿನಷ್ಟು. ಅದಕ್ಕೆ ರೆಕ್ಕೆಯಿಲ್ಲ, ಹಾರದು, ಜಿಗಿಯದು. ತಲೆಗೆ ತಲೆ ತಾಗಿದಾಗ ಕೂದಲಿನಿಂದ ಕೂದಲಿಗೆ ನಡೆದು ಹೋಗುತ್ತದೆ. ಬಾಚಣಿಗೆ, ರಿಬ್ಬನ್ನು, ಟೋಪಿಯಿಂದ ಹತ್ತುವುದುಂಟು, ಆದರೆ ಅದು ಕಡಮೆ. ತಲೆ ಬಿಟ್ಟು ಕೆಳಗೆ ಬಿದ್ದ ಹೇನು ಒಂದೆರಡು ದಿನದಲ್ಲಿ ಸಾಯುತ್ತದೆ. ತಲೆಯ ಮೇಲಿದ್ದರೆ ಸುಮಾರು 30 ದಿನ ಬಾಳುತ್ತದೆ. ಹೆಣ್ಣು ಹೇನು ದಿನಕ್ಕೆ 8ರವರೆಗೆ ಮೊಟ್ಟೆ ಇಡುತ್ತದೆ. ಅದೇ ಸೀರು. ಬುಡದ ಹತ್ತಿರ ಕೂದಲಿಗೆ ಅಂಟು ಹಾಕಿ ಕೂರಿಸುವುದರಿಂದ ಕೊಡವಿದರೆ ಉದುರುವುದಿಲ್ಲ. ಉದುರಿದರೆ ಹೊಟ್ಟು, ಉದುರದಿದ್ದರೆ ಸೀರು ಎಂದು ತಿಳಿಯಬಹುದು. ಸೀರು ಒಡೆಯಲು ವಾರದಿಂದ ಒಂಬತ್ತು ದಿನ, ಮರಿ ಬೆಳೆದು ಮೊಟ್ಟೆಯಿಡಲು ಮತ್ತೆ ಅಷ್ಟೇ ದಿನ. ಚಿಕಿತ್ಸೆಯ ಗುಟ್ಟೆಲ್ಲ ಈ ಲೆಕ್ಕದಲ್ಲಿದೆ. ಒಂದು ದಿನ ಹೇನು ಕೊಂದು ಫೈಲು ಮುಚ್ಚಿದರೆ ಮುಂದಿನ ವಾರ ಸೀರೊಡೆದು ಅದೇ ಫೈಲು ಮತ್ತೆ ಮೇಜಿಗೆ ಬರುತ್ತದೆ.

ಆದ್ದರಿಂದ ಹೀಗೆ ಮಾಡಬೇಕು. ತಲೆ ತೊಳೆದು, ಒದ್ದೆಯಿರುವಾಗಲೇ ಕಂಡೀಷನರನ್ನೋ ಕೊಬ್ಬರಿ ಎಣ್ಣೆಯನ್ನೋ ಧಾರಾಳವಾಗಿ ಹಚ್ಚಬೇಕು. ಮೊದಲು ದೊಡ್ಡ ಬಾಚಣಿಗೆಯಿಂದ ಸಿಕ್ಕು ಬಿಡಿಸಿ, ಕೂದಲನ್ನು ಎಳೆ ಎಳೆಯಾಗಿ ಬಿಡಿಸಿಕೊಂಡು, ಸೀರಣಿಗೆಯನ್ನು ಬುಡಕ್ಕೆ ತಾಗಿಸಿ ತುದಿಯವರೆಗೆ ಎಳೆಯಬೇಕು. ಪ್ರತಿ ಸಲ ಬಿಳಿಯ ಬಟ್ಟೆಗೆ ಒರೆಸಿ ನೋಡಬೇಕು. ಉದ್ದ ಜಡೆಯಾದರೆ ಅರ್ಧ ಗಂಟೆ ಬೇಕೇ ಬೇಕು. ಇದನ್ನು 1, 5, 9 ಮತ್ತು 13ನೆಯ ದಿನ ಮಾಡಿ, 17ನೆಯ ದಿನ ತಪಾಸಣೆ ಮಾಡಬೇಕು. ಔಷಧವೇ ಬೇಕೆಂದರೆ ಡಾಕ್ಟರನ್ನು ಕೇಳಿ ಶೇಕಡಾ 1ರ ಪರ್ಮೆಥ್ರಿನ್ ಹಚ್ಚಿ, 10 ನಿಮಿಷದ ಮೇಲೆ ತೊಳೆಯಬಹುದು. ಅದು ಸೀರನ್ನು ಕೊಲ್ಲುವುದಿಲ್ಲವಾದ್ದರಿಂದ 9ನೆಯ ದಿನ ಇನ್ನೊಮ್ಮೆ ಹಚ್ಚಬೇಕು. ಎಳೆಗೂಸಿಗೆ, ಬಸುರಿಯರಿಗೆ ಡಾಕ್ಟರನ್ನು ಕೇಳದೆ ಯಾವ ಔಷಧವೂ ಬೇಡ. ಕೆರೆದು ಗಾಯವಾಗಿ ಕೀವು ಬಂದಿದ್ದರೆ, ಕತ್ತಿನ ಹಿಂದೆ ಗಂಟು ಕಟ್ಟಿದ್ದರೆ ಡಾಕ್ಟರೇ ನೋಡಲಿ. ಹಿಂದಿನ ಎರಡು ದಿನ ಬಳಸಿದ ದಿಂಬಿನ ಚೀಲ, ಟವೆಲು, ಬಾಚಣಿಗೆಗಳನ್ನು ಬಿಸಿನೀರಿನಲ್ಲಿ ತೊಳೆದರೆ ಸಾಕು. ಹಾಸಿಗೆಯನ್ನೆಲ್ಲ ಗಚ್ಚಿಗೆ ಹೊರಬೇಕಿಲ್ಲ. ಆದರೆ ಒಂದು ಮಾತು ಮುಖ್ಯ: ಮನೆಯ ಎಲ್ಲರ ತಲೆಯನ್ನೂ, ಜೊತೆಗಾಡುವ ಮಕ್ಕಳ ತಲೆಯನ್ನೂ ಅದೇ ದಿನ ನೋಡಬೇಕು. ಒಂದು ತಲೆ ಬಿಟ್ಟರೂ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಜೊತೆಯ ಮಕ್ಕಳ ತಲೆ ನೋಡಬೇಕಾದರೆ ಅವರ ತಾಯಂದಿರಿಗೆ ಹೇಳಬೇಕು. ಹೇಳಲು ನಾಚಿಕೆ. ನಾಚಿ ಮುಚ್ಚಿಟ್ಟಷ್ಟೂ ಹೇನಿಗೆ ಅನುಕೂಲ. ಕೊಳಕರಿಗೆ, ಬಡವರಿಗೆ ಹೇನು ಎಂಬ ಮಾತೇ ಸುಳ್ಳು. ದಿನಾ ತೊಳೆದ ತಲೆಯೂ ಅದಕ್ಕೆ ಒಗ್ಗುತ್ತದೆ. ಇಸ್ರೇಲಿನ ಲಾಖೀಶ್ ಎಂಬ ಹಾಳೂರಿನಲ್ಲಿ 2016ರಲ್ಲಿ ಒಂದು ಪುಟ್ಟ ಬಾಚಣಿಗೆ ಸಿಕ್ಕಿತು. ಸುಮಾರು 3,700 ವರ್ಷ ಹಳೆಯದು. ಒಂದು ಬದಿಗೆ 6 ದಪ್ಪ ಹಲ್ಲು, ಇನ್ನೊಂದು ಬದಿಗೆ 14 ಸಣ್ಣ ಹಲ್ಲು. ಸಂದಿನಲ್ಲಿ ಹೇನಿನ ಅವಶೇಷವೂ ಉಳಿದಿತ್ತು. ಅದರ ಮೇಲೆ ಕೊರೆದ ಅಕ್ಷರಗಳನ್ನು ವಿದ್ವಾಂಸರು 2022ರಲ್ಲಿ ಓದಿ ಪ್ರಕಟಿಸಿದರು. ತಲೆ ಮತ್ತು ಗಡ್ಡದ ಹೇನನ್ನು ಈ ದಂತ ಕಿತ್ತುಹಾಕಲಿ ಎಂಬ ಹಾರೈಕೆಯದು. ಕನಾನ್ ಜನರ ವರ್ಣಮಾಲೆಯಲ್ಲಿ ಸಿಕ್ಕ ಅತಿ ಹಳೆಯ ಪೂರ್ಣ ವಾಕ್ಯ ಅದೇ. ಬಾಚಣಿಗೆ ಆನೆದಂತದ್ದು! ಆ ಕಾಲಕ್ಕೂ ಬಡವರ ಕೈಯಲ್ಲಿ ಆನೆದಂತ ಇರಲಿಲ್ಲ.

ಧಾರವಾಡದಿಂದ ಬಂದಿದ್ದ ನಮ್ಮ ತಾಯಿಯವರಿಗೆ ಈ ಕಥೆ ಹೇಳಿದಾಗ ಅವರೇನೂ ಬೆರಗಾಗಲಿಲ್ಲ. “ನಾವೆಲ್ಲಾ ಕಟ್ಟೀಮ್ಯಾಲೆ ಸಾಲಾಗಿ ಕುಂತು ಒಬ್ಬರದೊಬ್ಬರು ತಲಿ ನೋಡ್ತಿದ್ವಿ. ಯಾರ ನಾಚ್ಕೋತಿದ್ರು?” ಎಂದು ಟ್ರಂಕಿನಿಂದ ತಮ್ಮ ಕಟ್ಟಿಗೆಯ ಸೀರಣಿಗೆ ತೆಗೆದರು. ಮುಂದಿನ ಭಾನುವಾರ ನಾವು, ಶ್ರೀಮತಿ, ಮಗಳು, ತಾಯಿಯವರು ನಾಲ್ವರೂ ಹೊಸ ಸೀರಣಿಗೆ ಎರಡು ಕೊಂಡು ಡೊಂಬಿವಲಿಯ ಗಾಡಿ ಹತ್ತಿದೆವು. ಅಕ್ಕ ಬಾಗಿಲು ತೆರೆದಳು, ಮಾತಾಡಲಿಲ್ಲ. “ಹೇನು ನಮ್ಮವು, ಅಕ್ಕಾ. ಲೆಕ್ಕ ತಪ್ಪಿತ್ತು” ಎಂದೆವು. ಒಂದು ಗಳಿಗೆ ನೋಡಿ, “ಒಳಗ ಬಾ, ಚಹಾ ಮಾಡ್ತೀನಿ” ಎಂದಳು. ಆ ಮಧ್ಯಾಹ್ನ ಮೂರು ಹುಡುಗಿಯರೂ ಸಾಲಾಗಿ ಕುಳಿತರು. ಅಕ್ಕನ ಮಕ್ಕಳಿಬ್ಬರ ತಲೆಯಲ್ಲೂ ಸಿಕ್ಕವು. ನಮ್ಮ ಶ್ರೀಮತಿಯ ತಲೆಯಲ್ಲೂ ಎರಡು ಸಿಕ್ಕವೆಂಬುದನ್ನು ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.

17ನೆಯ ದಿನದ ತಪಾಸಣೆಯಲ್ಲಿ ಬಿಳಿಯ ಬಟ್ಟೆ ಬಿಳಿಯಾಗಿಯೇ ಉಳಿಯಿತು. ಕೊನೆಯ ಬೆಂಚಿನಿಂದ ಮಗಳು ತನ್ನ ಗೆಳತಿಯ ಪಕ್ಕಕ್ಕೆ ಮರಳಲು ಅದಕ್ಕಿಂತ ಹೆಚ್ಚು ದಿನ ಹಿಡಿಯಿತು. ಹೇನಿಗಾಗಿ ಮಗುವನ್ನು ಶಾಲೆಯಿಂದ ದೂರವಿಡಬೇಕಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲೂ ಹೇಳಿದೆ. ತಲೆಹೇನು ಯಾವ ರೋಗವನ್ನೂ ಹರಡುವುದಿಲ್ಲ. ಟೈಫಸ್ ಜ್ವರ ಹರಡುವುದು ಬಟ್ಟೆಯಲ್ಲಿರುವ ಕೂರೆ. ಉಪಾಧ್ಯಾಯರಲ್ಲಿ ನಮ್ಮ ಬಿನ್ನಹ ಇಷ್ಟೇ: ಚೀಟಿ ಬರೆಯಿರಿ, ಬೆಂಚು ಬದಲಿಸಬೇಡಿ.

ಈಗ ನಮ್ಮ ಮನೆಯಲ್ಲಿ ಭಾನುವಾರ ಎಣ್ಣೆನೀರಿನ ಜೊತೆ ಸೀರಣಿಗೆಯೂ ಹೊರಬರುತ್ತದೆ. ಶಾಲೆಗೆ ಜಡೆ ಬಿಗಿಯಾಗಿ ಹೆಣೆಯುತ್ತೇವೆ. ನೆಂಟರ ಮಕ್ಕಳು ಒಂದೇ ಹಾಸಿಗೆಯಲ್ಲಿ ಮಲಗುವುದನ್ನು ಮಾತ್ರ ನಿಲ್ಲಿಸಿಲ್ಲ. ಮುಂದಿನ ಅಂಗಾರಕಿಗೆ ಬರುವುದಾಗಿ ಅಕ್ಕ ಹೇಳಿದ್ದಾಳೆ. ಹಿಂದಿನ ಭಾನುವಾರ ಎರಡೂ ಮನೆಯಲ್ಲಿ ತಲೆ ನೋಡುವುದೆಂದು ಒಪ್ಪಂದವಾಗಿದೆ.